ಎರಡನೆಯ ದಿನದ ತೊಗಲು

ಉರ್ಗೆಂಚ್‌ನಿಂದ ಬರುವ ವರ್ತಕರ ಯೋಗ್ಯತೆಯನ್ನು ಕುರ್ಮಿಶ್ ಅವರ ಬೂಟು ನೋಡಿಯೇ ಅಳೆದುಬಿಡುತ್ತಿದ್ದ. ಹೊಸ ಬೂಟಿನವನು ಪುಕ್ಕಲ, ಹಳೆ ಬೂಟಿನವನು ಜಿಪುಣ. ಮೂರನೆಯ ಬಗೆಯ ವರ್ತಕನನ್ನು ದೇವರು ಇನ್ನೂ ಸೃಷ್ಟಿಸಿಲ್ಲ ಅಂತ ಬುಲ್ಗಾರ್ ಪೇಟೆಯ ತುಂಬ ಸಾರಿಕೊಂಡು ಓಡಾಡುತ್ತಿದ್ದ. ಖ್ವಾಜಾ ನಜೀಬ್ ಬಂದದ್ದು ಕಸೂತಿ ಹಾಕಿದ ಹಸಿರು ಬೂಟಿನಲ್ಲಿ. ಇತಿಲ್ ನದಿ ಈ ದಡದಿಂದ ಆ ದಡಕ್ಕೆ ಹೆಪ್ಪುಗಟ್ಟಿ, ಜನ ಅದರ ಮೇಲೆ ಕುದುರೆ ಗಾಡಿ ಹೊಡೆಯುತ್ತಿದ್ದ ಕಾಲ ಅದು. ಆ ಚಳಿಯಲ್ಲಿ ಹೂಬಳ್ಳಿಯ ಬೂಟು ಮೆಟ್ಟಿಕೊಂಡು ಬಂದವನನ್ನು ಎಲ್ಲಿ ಸೇರಿಸಬೇಕೆಂದು ಕುರ್ಮಿಶನಿಗೇ ಹೊಳೆಯಲಿಲ್ಲ. ಮಗಳು ತುಯ್‌ಬಿಕೆಗೆ ಹೊಳೆಯಿತು.

"ಇವನು ದುಡ್ಡಿರೋ ಪೆದ್ದ ಕಣಪ್ಪ," ಅಂದಳು, ನಾಯಿಗಳ ಕೊರಳಪಟ್ಟಿಗೆ ಮೀನೆಣ್ಣೆ ತಿಕ್ಕುತ್ತಾ.

ಕುರ್ಮಿಶ್ ದಾರಿಗಾರ. ಬುಲ್ಗಾರಿನಿಂದ ಉತ್ತರಕ್ಕೆ, ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ನಲವತ್ತು ದಿನ ಹೋದರೆ ಕಾಡಿನ ನಡುವೆ ಒಂದು ಬಯಲು ಸಿಗುತ್ತದೆ. ಅದನ್ನು ಕಂಡುಹಿಡಿದವನು ಕುರ್ಮಿಶನ ಅಜ್ಜ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂತು; ಇವನಿಂದ ತುಯ್‌ಬಿಕೆಗೆ ಹೋಗಬೇಕು. ಮನೆ ಅಂತ ಅವನಿಗೆ ಇದ್ದದ್ದು ಹೊಗೆ ಕುಡಿದ ಒಂದು ಮರದ ಗೂಡು. ಹೊಲವಿಲ್ಲ, ಹಸುವಿಲ್ಲ. ಆ ಬಯಲೇ ಆಸ್ತಿ, ಹನ್ನೆರಡು ನಾಯಿಗಳೇ ಬಂಡವಾಳ. ಬಯಲಿನ ಆ ಕಡೆಯ ಕಾಡಿನವರು ಬರುತ್ತಿರುವವರೆಗೆ ಅದು ಆಸ್ತಿ. ಅವರು ಬರುವುದು ನಿಲ್ಲಿಸಿದ ದಿನ ಅದು ಬರೀ ಹಿಮ.

ಆ ಕಾಡಿನವರನ್ನು ಅವನ ಅಜ್ಜ ನೋಡಿರಲಿಲ್ಲ, ಅಪ್ಪ ನೋಡಿರಲಿಲ್ಲ, ಮೂವತ್ತು ಚಳಿಗಾಲ ಹೋಗಿ ಬಂದ ಇವನೂ ನೋಡಿರಲಿಲ್ಲ. ನೋಡಬಾರದು, ಅದೇ ಪದ್ಧತಿ. ವರ್ತಕರು ತಮ್ಮ ಸರಕನ್ನು ಬಯಲಿನಲ್ಲಿ ಇಟ್ಟು, ಗುಡ್ಡದ ಈಚೆಗೆ ಬಂದು ಬೆನ್ನು ತಿರುಗಿಸಿ ಕೂರಬೇಕು. ಮರುದಿನ ಹೋದರೆ ಸರಕಿನ ಪಕ್ಕದಲ್ಲಿ ತೊಗಲುಗಳ ರಾಶಿ ಇರುತ್ತದೆ: ಸಮೂರು ಎನ್ನುವ ಕಪ್ಪು ಮೃದು ತುಪ್ಪಳದ್ದು, ಬೂದು ಅಳಿಲಿನದ್ದು, ನರಿಯದ್ದು. ಒಪ್ಪಿಗೆಯಾದರೆ ತೊಗಲು ಎತ್ತಿಕೊಂಡು ಹೊರಡಬೇಕು. ಸಾಲದು ಅನಿಸಿದರೆ ಎರಡನ್ನೂ ಮುಟ್ಟದೆ ಬಿಟ್ಟು ಬರಬೇಕು. ಅದರ ಮರುದಿನ ರಾಶಿ ಬೆಳೆದಿರುತ್ತದೆ. ಒಂದು ಮಾತಿಲ್ಲ, ಜಗಳವಿಲ್ಲ. ಬುಲ್ಗಾರ್ ಪೇಟೆಯಲ್ಲಿ ಒಂದು ಮಡಕೆ ಜೇನಿಗೆ ನಾಲ್ಕು ಪೀಳಿಗೆಯ ಮಾನ ಹರಾಜು ಹಾಕುವ ನಮ್ಮವರು ಅಲ್ಲಿ ಮಾತ್ರ ಬಾಯಿ ಹೊಲಿದುಕೊಂಡು ಕೂರುತ್ತಿದ್ದರು.

ಇದರಲ್ಲಿ ದಾರಿಗಾರರ ಒಂದು ಹಕ್ಕು ಇತ್ತು. ಮೊದಲ ದಿನದ ರಾಶಿ ವರ್ತಕನದು. ಎರಡನೆಯ ದಿನ ಅದಕ್ಕೆ ಸೇರಿದ್ದು ದಾರಿಗಾರನದು. ಹಾಗಾಗಿ ಯಾವ ವರ್ತಕ ಬಂದರೂ, ಮೊದಲ ದಿನದ ರಾಶಿ ಎಷ್ಟೇ ದೊಡ್ಡದಿರಲಿ, ಕುರ್ಮಿಶ್ ಅದನ್ನು ಕಾಲಿನಿಂದ ಒಂದು ಸಲ ಕೆದಕಿ, ಮೂಗು ಮುರಿದು, "ಸಾಲದು" ಅನ್ನುತ್ತಿದ್ದ. ಮೂವತ್ತು ವರ್ಷ ಅಂದಿದ್ದ. ಅದರಲ್ಲಿ ಅವನಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಕಾಡಿನವರಿಗೇನು, ಮರ ಅಲ್ಲಾಡಿಸಿದರೆ ಪ್ರಾಣಿ ಉದುರುತ್ತವೆ, ಅವರಿಗೆ ಬೇರೆ ಕೆಲಸವಾದರೂ ಏನಿದೆ, ಎಣಿಸೋದಕ್ಕೂ ಬರಲಿಕ್ಕಿಲ್ಲ ಅನ್ನುತ್ತಿದ್ದ. ವರ್ತಕರ ಬಗ್ಗೆ ಅವನಿಗೆ ಎಷ್ಟು ತಾತ್ಸಾರವೋ ಕಾಡಿನವರ ಬಗ್ಗೆಯೂ ಅಷ್ಟೇ. ಒಟ್ಟಿನಲ್ಲಿ ಅವನು ಮರ್ಯಾದೆ ಕೊಡುತ್ತಿದ್ದದ್ದು ಮುಂದಾಳು ನಾಯಿ ಕರಾಬಾಶ್‌ಗೆ ಒಂದಕ್ಕೇ.

ಬೇರೆ ವರ್ತಕರು ಸರಕನ್ನೂ ಒಬ್ಬ ಆಳನ್ನೂ ಕಳಿಸಿ, ತಾವು ಬುಲ್ಗಾರಿನ ಛತ್ರದಲ್ಲಿ ಒಲೆಗೆ ಬೆನ್ನು ಕೊಟ್ಟು ಕುದುರೆಮಾಂಸ ತಿಂದುಕೊಂಡು ಕಾಯುತ್ತಿದ್ದರು. ಖ್ವಾಜಾ ನಜೀಬ್ ತಾನೇ ಬರುತ್ತೇನೆಂದು ಹಟ ಹಿಡಿದ. ದಾರಿಗಾರರು ಅರ್ಧ ತೊಗಲನ್ನು ದಾರಿಯಲ್ಲೇ ನುಂಗುತ್ತಾರೆ ಅಂತ ಯಾರೋ ಅವನ ಕಿವಿ ಊದಿದ್ದರು. ಕುರ್ಮಿಶನ ಎದುರಿಗೇ ಅದನ್ನು ಹೇಳಿದ, ನಗುತ್ತಲೇ ಹೇಳಿದ. ಕುರ್ಮಿಶ್ ಕೂಡ ನಗುತ್ತಲೇ ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಿದ.

ಸರಕು ನಲವತ್ತು ಕತ್ತಿಯಲಗು. ಹಿಡಿಯಿಲ್ಲ, ಹೊಳಪಿಲ್ಲ, ಕುಲುಮೆಯಿಂದ ಎದ್ದು ಬಂದ ಹಾಗೇ ಕಪ್ಪಗೆ ಒರಟಾಗಿದ್ದವು. ಇಷ್ಟು ದೂರದಿಂದ ತಂದದ್ದನ್ನು ಹೀಗೆ ಕೊಡುವುದೇ ಎಂದು ಖ್ವಾಜಾ ಅವನ್ನು ಉಜ್ಜಿಸಲು ಹೊರಟಿದ್ದ, ಕುರ್ಮಿಶ್ ತಡೆದ. ಕಾಡಿನವರಿಗೆ ಹೊಳಪು ಬೇಡ, ದನಿ ಬೇಕು. ಅಲಗನ್ನು ದಾರದಲ್ಲಿ ತೂಗುಬಿಟ್ಟು ಉಗುರಿನಿಂದ ಮೀಟಿದರೆ ಅದು ತುಂಬ ಹೊತ್ತು ಗುಂಯ್‌ಗುಡಬೇಕು. ಅಂಥದ್ದನ್ನು ಅವರು ಉದ್ದ ಕೋಲಿಗೆ ಬಿಗಿದು, ಹಿಮ ಒಡೆಯುವ ಹೊತ್ತಿಗೆ ಉತ್ತರದ ಕಡಲಿಗೆ ಹೋಗಿ ಮನೆಯಷ್ಟು ದೊಡ್ಡ ಮೀನಿಗೆ ಹೊಡೆಯುತ್ತಾರಂತೆ. ಒಂದು ಮೀನು ಸಿಕ್ಕರೆ ಇಡೀ ಊರು ವರ್ಷ ತಿನ್ನುತ್ತದಂತೆ. ಸಿಗದ ವರ್ಷ ಏನು ತಿನ್ನುತ್ತಾರೆ ಎಂದು ಕುರ್ಮಿಶ್ ಯಾವತ್ತೂ ಯೋಚಿಸಿದವನಲ್ಲ.

ಎರಡು ಬಂಡಿ ಹೊರಟವು. ಮುಂದಿನದರಲ್ಲಿ ಕುರ್ಮಿಶ್ ಮತ್ತು ಖ್ವಾಜಾ, ಹಿಂದಿನದರಲ್ಲಿ ತುಯ್‌ಬಿಕೆ ಮತ್ತು ಸರಕು. ಮೂರನೆಯ ದಿನಕ್ಕೇ ಹಸಿರು ಬೂಟು ಒಡೆಯಿತು. ತುಯ್‌ಬಿಕೆ ಒಂದು ಜೊತೆ ನಾಯಿತೊಗಲಿನ ಬೂಟು ಕೊಟ್ಟಳು. ಖ್ವಾಜಾ ಅದನ್ನು ಹಾಕಿಕೊಳ್ಳುವಾಗ ಮುಖ ಕಿವುಚಿದ್ದು ನೋಡಿ, ಬೇಡದಿದ್ದರೆ ವಾಪಸ್ ಕೊಡಿ, ಕಾಲು ಹೋದರೂ ಚೆಂದ ಉಳೀತದೆ ಅಂದಳು.

ಊಟದ ವಿಷಯಕ್ಕೂ ರಾಮಾಯಣವಾಯಿತು. ಆ ದಾರಿಯಲ್ಲಿ ಮೊದಲು ನಾಯಿಗಳಿಗೆ ಹಾಕಬೇಕು, ಆಮೇಲೆ ಮನುಷ್ಯರು. ಮುಂದಾಳು ನಾಯಿಗೆ ಅವಮಾನವಾದರೆ ಅದು ಎಳೆಯುವುದಿಲ್ಲ, ಮುಂದಾಳು ಎಳೆಯದಿದ್ದರೆ ಯಾವ ನಾಯಿಯೂ ಎಳೆಯುವುದಿಲ್ಲ. ಖ್ವಾಜಾನಿಗೆ ಇದು ಹುಚ್ಚಾಟವಾಗಿ ಕಂಡಿತು. ಉರ್ಗೆಂಚ್‌ನ ಶ್ರೀಮಂತ ನಾಯಿಯ ನಂತರ ಉಣ್ಣುವುದೇ? ಒಂದು ಬೆಳಿಗ್ಗೆ ನವಣೆ ಗಂಜಿ ಕುದಿಯುತ್ತಿದ್ದಂತೆ ಬಟ್ಟಲು ಮುಳುಗಿಸಿ ಸೊರಸೊರ ಕುಡಿದೇಬಿಟ್ಟ. ಕರಾಬಾಶ್ ನೋಡಿತು, ಹಿಮದಲ್ಲಿ ಕುಂಡೆ ಊರಿತು, ಮಧ್ಯಾಹ್ನದವರೆಗೆ ಕೂತೇ ಇತ್ತು. ಕುರ್ಮಿಶ್ ಅದನ್ನು ಗದರಲಿಲ್ಲ. ಕೊನೆಗೆ ಖ್ವಾಜಾ ತನ್ನ ಬೆಳ್ಳಿ ಬಟ್ಟಲಿನಲ್ಲಿ ಒಣಮೀನು ನೆನೆಸಿ, ಮೊಣಕಾಲೂರಿ, ಎರಡೂ ಕೈಯಿಂದ ನಾಯಿಯ ಮೂತಿಯ ಕೆಳಗೆ ಹಿಡಿಯಬೇಕಾಯಿತು. ಅದು ನಿಧಾನವಾಗಿ ತಿಂದು, ಬಟ್ಟಲು ನೆಕ್ಕಿ, ಎದ್ದು ಮೈ ಕೊಡವಿತು. ಕುರ್ಮಿಶ್ ಅದಾದ ಮೇಲೆ ಎರಡು ದಿನ ಖುಷಿಯಲ್ಲಿದ್ದ.

ನಲವತ್ತೆರಡನೆಯ ದಿನ ಬಯಲು ಮುಟ್ಟಿದರು. ಅಲಗುಗಳನ್ನು ಹಿಮದ ಮೇಲೆ ಸಾಲಾಗಿ ಹರಡಿ, ಗುಡ್ಡದ ಈಚೆ ಡೇರೆ ಹಾಕಿ ಕೂತರು.

ಮರುದಿನ ಹೋಗಿ ನೋಡಿದರೆ ಒಳ್ಳೆಯ ರಾಶಿ. ಎಪ್ಪತ್ತು ಸಮೂರು, ಅಳಿಲಿನದು ಇನ್ನೂರರ ಮೇಲೆ, ಜೊತೆಗೆ ಮಂಜಿನಷ್ಟೇ ಬೆಳ್ಳಗಿನ ಎಂಟು ನರಿ. ಖ್ವಾಜಾನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕುರ್ಮಿಶ್ ಎಂದಿನಂತೆ ಕಾಲಿನಿಂದ ಕೆದಕಿ, ಎಂದಿನಂತೆ ಮೂಗು ಮುರಿದು, ಸಾಲದು ಅಂದ. ಬಿಟ್ಟು ಬಂದರು. ಅದರ ಮರುದಿನ ಇಪ್ಪತ್ತು ಸಮೂರು ಹೆಚ್ಚಾಗಿದ್ದವು. ಕುರ್ಮಿಶ್ ಬಗ್ಗಿ ತನ್ನ ಇಪ್ಪತ್ತನ್ನು ಎತ್ತಿಕೊಳ್ಳಲು ಹೋದ.

"ಮುಟ್ಬೇಡ," ಅಂದ ಖ್ವಾಜಾ. "ಇನ್ನೊಂದಿನ ಬಿಡೋಣ."

ಕುರ್ಮಿಶ್ ಬೆನ್ನು ನೆಟ್ಟಗೆ ಮಾಡಿದ. ಹಾಗೆಲ್ಲ ಬಿಡುವ ಪದ್ಧತಿಯಿಲ್ಲ, ಒಂದು ಸಲ ಕೇಳುವುದು ವ್ಯಾಪಾರ, ಎರಡು ಸಲ ಕೇಳುವುದು ಭಿಕ್ಷೆ, ಮೂವತ್ತು ವರ್ಷದಲ್ಲಿ ಒಬ್ಬನೂ ಕೇಳಿಲ್ಲ ಅಂತ ವಿವರಿಸಿದ. ದನಿ ಏರಿಸಿಯೇ ವಿವರಿಸಿದ. ಅವರು ಸಿಟ್ಟಾಗಿ ಬರುವುದನ್ನೇ ಬಿಟ್ಟರೆ ನೀವು ಉರ್ಗೆಂಚ್‌ಗೆ ಹೋಗಿ ಹತ್ತಿ ಮಾರುತ್ತೀರಿ, ನನ್ನ ಮಗಳು ಏನು ಮಾರಬೇಕು ಅಂದ. ಖ್ವಾಜಾ ಗಡ್ಡದ ಮೇಲೆ ಕೂತ ಹಿಮ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದ.

"ಮೊದಲ್ನೇ ದಿನದ್ದು ಚೆನ್ನಾಗಿತ್ತು. ನಾನು ಒಪ್ಕೊಳ್ತಿದ್ದೆ," ಅಂದ. "ಸಾಲ್ದು ಅಂದೋನು ನೀನು. ಯಾಕೆ ಅಂದೆ? ಎರಡನೇ ದಿನದ್ದು ನಿನ್ನ ಚೀಲಕ್ಕೆ ಹೋಗ್ತದೆ ಅದಕ್ಕೆ. ಈಗ ಮೂರನೇ ದಿನದ್ದು ನನಗಿರ್ಲಿ ಅಂದ್ರೆ ಉರಿ ಹತ್ತಿತಾ? ನಿನ್ನ ದುರಾಸೆ ಪದ್ಧತಿ, ನನ್ನ ದುರಾಸೆ ಪಾಪ. ಅಲ್ವೇನಯ್ಯ ಕುರ್ಮಿಶ್?"

ಬುಲ್ಗಾರಿನ ಅತಿ ಉದ್ದದ ನಾಲಿಗೆ ಅಂತ ಹೆಸರು ಪಡೆದ ಕುರ್ಮಿಶ್ ಮಗಳ ಕಡೆ ತಿರುಗಿದ. ಹಿಂದೆ ನಿಂತಿದ್ದ ತುಯ್‌ಬಿಕೆ ಅಪ್ಪನ ನೆರವಿಗೆ ಬರಲಿಲ್ಲ. ಕುರ್ಮಿಶ್ ಇಪ್ಪತ್ತು ಸಮೂರನ್ನು ರಾಶಿಯ ಮೇಲೇ ಬಿಟ್ಟು ಗುಡ್ಡ ಹತ್ತಿದ.

ಅವತ್ತು ಗಾಳಿ ಎದ್ದಿತು. ಡೇರೆಯ ಒಳಗೆ ಬೆಂಕಿ ಹಾಕಿಕೊಂಡು, ಎರಡೆರಡು ಕೋಟು ಸುತ್ತಿಕೊಂಡು ಕೂತರೂ ಹಲ್ಲು ಕಟಕಟ ಅನ್ನುತ್ತಿತ್ತು. ಖ್ವಾಜಾ ತನ್ನ ಮೂರನೆಯ ದಿನದ ತೊಗಲು ಎಷ್ಟು ಬರಬಹುದೆಂದು ಬೆರಳು ಮಡಿಚುತ್ತಾ, ಅದರಲ್ಲಿ ಯಾವ ಹೆಂಡತಿಗೆ ಏನು ಹೊಲಿಸಬೇಕು ಅನ್ನುವುದನ್ನು ಸಂಜೆಯವರೆಗೂ ಕೊರೆದ. ಕುರ್ಮಿಶ್ ಕರಾಬಾಶ್‌ನ ಪಕ್ಕ ಮಲಗಿ ಕಿವಿ ಮುಚ್ಚಿಕೊಂಡ.

ಬೆಳಗಾದ ಮೇಲೆ ಮೂವರೂ ಹೋದರು. ರಾಶಿ ದೊಡ್ಡದಾಗಿತ್ತು. ಖ್ವಾಜಾ ಓಡುತ್ತಾ ಹೋದವನು ಹತ್ತಿರ ನಿಂತು, ಒಂದನ್ನು ಎತ್ತಿ ಬಿಡಿಸಿ, ಥೂ ಅಂತ ಎಸೆದ. ತೊಗಲಲ್ಲ ಅದು, ಕೋಟು. ಮೈಗೆ ಹಾಕಿಕೊಳ್ಳುವ ಕೋಟು, ಕಂಕುಳು ಸವೆದು ತೇಪೆ ಹಾಕಿದ್ದು. ಅದರ ಕೆಳಗೆ ಇನ್ನೂ ಆರು ಕೋಟು. ಐದು ಜೊತೆ ಬೂಟು. ಕೈಗವಸುಗಳು. ಎಲ್ಲಕ್ಕಿಂತ ಕೆಳಗೆ, ಮಡಿಸಿ ಇಟ್ಟ, ಅಂಗೈ ಎರಡು ಸೇರಿಸಿದರೆ ತುಂಬಿಹೋಗುವಷ್ಟು ಚಿಕ್ಕದೊಂದು ಟೋಪಿ.

"ಹಳೇ ಬಟ್ಟೆ," ಅಂದ ಖ್ವಾಜಾ. ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಗುಜರಿ ತಂದು ಸುರಿದಿದ್ದಾರೆ, ನನ್ನನ್ನು ಏನೆಂದುಕೊಂಡಿದ್ದಾರೆ, ಹೇನು ಇರುತ್ತವೆ, ಯಾರೂ ಮುಟ್ಟಬೇಡಿ ಅಂತ ಕೂಗಾಡಿದ. ಇನ್ನೊಂದು ದಿನ ಬಿಟ್ಟರೆ ನಾಚಿಕೆಯಾಗಿ ಒಳ್ಳೆಯದು ತರುತ್ತಾರೆ ಅಂತ ತಾನೇ ತೀರ್ಮಾನಿಸಿದ.

ಕುರ್ಮಿಶ್ ಟೋಪಿಯನ್ನು ಎತ್ತಿಕೊಂಡಿದ್ದ. ಅಳಿಲಿನ ತುಪ್ಪಳ, ಒಳಗಡೆ ಪಕ್ಷಿಯ ಪುಕ್ಕ ಹೊಲಿದಿತ್ತು. ಪುಕ್ಕದಲ್ಲಿ ಎರಡು ಕೂದಲು ಸಿಕ್ಕಿಕೊಂಡಿದ್ದವು, ಕಪ್ಪು, ತೆಳ್ಳಗೆ. ಅವನು ಅದನ್ನು ಮೂಗಿಗೆ ಹಿಡಿದ. ಮೀನೆಣ್ಣೆ, ಹೊಗೆ, ಹಸುಗೂಸಿನ ತಲೆಯ ವಾಸನೆ. ಕೂಸಾಗಿದ್ದಾಗ ಇದೇ ವಾಸನೆ ತುಯ್‌ಬಿಕೆಗೂ ಇತ್ತು.

ಆಮೇಲೆ ಅವನು ಮಾಡಿದ್ದು ನೋಡಿ ತುಯ್‌ಬಿಕೆಗೆ ದಿಗಿಲಾಯಿತು. ರಾಶಿಯಿಂದ ನಿನ್ನೆಯ ಇಪ್ಪತ್ತು ಸಮೂರನ್ನು ಹುಡುಕಿ ಹುಡುಕಿ ತೆಗೆದು, ಒಂದೊಂದನ್ನೂ ತಿರುಗಿಸಿ ಒಳಮೈ ನೋಡತೊಡಗಿದ. ಹನ್ನೆರಡರಲ್ಲಿ ಹೊಲಿಗೆ ಬಿಚ್ಚಿದ ಸಣ್ಣ ತೂತುಗಳ ಸಾಲು ಇತ್ತು. ಎರಡನೆಯ ದಿನದ ತೊಗಲು ಯಾವಾಗಲೂ ಹೀಗೇ, ಸ್ವಲ್ಪ ಮೆದು, ಸ್ವಲ್ಪ ಸವೆದದ್ದು, ಅಂಚಿನಲ್ಲಿ ತೂತು. ಕಾಡಿನವರಿಗೆ ಹದ ಮಾಡುವ ಬುದ್ಧಿಯಿಲ್ಲ ಅಂತ ಮೂವತ್ತು ವರ್ಷ ಪೇಟೆಯಲ್ಲಿ ಕೂತು ಹೀಯಾಳಿಸಿದ್ದ. ಅವು ಎಲ್ಲಿಂದ ಬಿಚ್ಚಿ ಬಂದವು ಅಂತ ಈಗ ತಿಳಿಯಿತು. ಮನೆಯಲ್ಲಿದ್ದ ತೊಗಲನ್ನೆಲ್ಲ ಅವರು ಮೊದಲ ದಿನವೇ ತಂದು ಇಟ್ಟುಬಿಡುತ್ತಿದ್ದರು. ಎರಡನೆಯ ದಿನಕ್ಕೆ ಉಳಿಯುತ್ತಿದ್ದದ್ದು ಹಾಸಿಗೆಯದು, ಹೊದಿಕೆಯದು. ಅಜ್ಜನ ಹಕ್ಕು, ಅಪ್ಪನ ಹಕ್ಕು, ತನ್ನ ಹಕ್ಕು ಎಲ್ಲ ಯಾರದೋ ಮಕ್ಕಳ ಮೈ ಮೇಲಿಂದ ಎಳೆದದ್ದು. ಕುರ್ಮಿಶ್ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡ.

ಖ್ವಾಜಾ ಅದಕ್ಕೂ ನಕ್ಕ. ಹೇನಿನ ವಾಸನೆ ತಡೆಯಲಾಗಲಿಲ್ಲವೇ ಅಂತ ಕೇಳಿದ.

ಬಾಯಿ ಒರೆಸಿಕೊಂಡು ಬಂದ ಕುರ್ಮಿಶ್ ಮೊದಲ ದಿನದ ರಾಶಿಯನ್ನು, ಅಷ್ಟನ್ನೇ, ಎಣಿಸಿ ಎತ್ತಿ ಬಂಡಿಗೆ ಹಾಕಿದ. ಉಳಿದದ್ದನ್ನೆಲ್ಲ ಅಲಗುಗಳ ಮೇಲೆ ಪೇರಿಸಿದ: ಕೋಟು, ಬೂಟು, ತನ್ನ ಇಪ್ಪತ್ತು ಸಮೂರು, ಎಲ್ಲಕ್ಕಿಂತ ಮೇಲೆ ಟೋಪಿ. ಪೇರಿಸಿದ ಮೇಲೆ ನಿಂತು ನೋಡಿದರೆ ಇನ್ನೊಂದು ಸಂಕಟ. ಈ ವ್ಯಾಪಾರದಲ್ಲಿ ಬಿಟ್ಟು ಹೋಗುವುದಕ್ಕೆ ಒಂದೇ ಅರ್ಥ, ಸಾಲದು ಅಂತ. ತಗೊಳ್ಳಿ, ಇದು ನಿಮ್ಮದು, ಹಾಕಿಕೊಳ್ಳಿ ಅನ್ನುವುದಕ್ಕೆ ಏನು ಮಾಡಬೇಕೆಂದು ಮೂರು ಪೀಳಿಗೆಯಲ್ಲಿ ಯಾರೂ ಗೊತ್ತು ಮಾಡಿಕೊಂಡಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಅವರು ಬಂದು ನೋಡಿ ಇನ್ನೂ ಸಾಲದಂತೆ ಅಂದುಕೊಂಡರೆ? ಅವರ ಹತ್ತಿರ ಇನ್ನೇನು ಉಳಿದಿದೆ? ಕೂಗಿ ಹೇಳೋಣವೆಂದರೆ ಯಾವ ಭಾಷೆಯಲ್ಲಿ ಕೂಗುವುದು? ಅವನು ಕಾಡಿನ ಕಡೆ ತಿರುಗಿ ಸುಮ್ಮನೆ ಎರಡು ಕೈಯನ್ನೂ ಮೇಲೆತ್ತಿ ನಿಂತ. ಮರಗಳು ಅಲ್ಲಾಡಲಿಲ್ಲ.

"ನನ್ನ ಸರಕು, ನನ್ನ ತೀರ್ಮಾನ," ಅಂತ ಖ್ವಾಜಾ ಅವನ ತೋಳು ಹಿಡಿದೆಳೆದ. "ನೀನು ಯಾವನೋ ಬಾಡಿಗೆ ನಾಯಿಯವನು."

"ಹೌದು ಸ್ವಾಮಿ. ನಾಯಿ ನನ್ನವು," ಅಂದ ಕುರ್ಮಿಶ್. "ನಾವು ಈಗ ಹೊರಟ್ವಿ. ನೀವು ಇನ್ನೊಂದಿನ ಕಾಯೋದಾದ್ರೆ ಕಾಯಿರಿ. ಕೋಟಂತೂ ಬೇಕಾದಷ್ಟಿವೆ."

ತುಯ್‌ಬಿಕೆ ಆಗಲೇ ಬಂಡಿಯ ಮೇಲೆ ನಿಂತು ನಾಯಿಗಳಿಗೆ ಸಿಳ್ಳೆ ಹಾಕಿದ್ದಳು. ಬಂಡಿ ಹತ್ತು ಹೆಜ್ಜೆ ಸರಿಯುವವರೆಗೆ ಖ್ವಾಜಾ ಸೆಟೆದುಕೊಂಡು ನಿಂತ, ಹನ್ನೊಂದನೆಯದಕ್ಕೆ ಓಡಿ ಬಂದು ಹತ್ತಿದ.

ಬುಲ್ಗಾರಿಗೆ ಮರಳಿದ ಮೇಲೆ ಖ್ವಾಜಾ ಸುಮ್ಮನಿರಲಿಲ್ಲ. ಎಪ್ಪತ್ತು ಸಮೂರು ತಂದವನು ಲಾಭದಲ್ಲೇ ಇದ್ದ, ಆದರೂ ಛತ್ರದಿಂದ ಛತ್ರಕ್ಕೆ ಹೋಗಿ ಕುರ್ಮಿಶ್ ಕಾಡಿನವರ ಜೊತೆ ಒಳಒಪ್ಪಂದ ಮಾಡಿಕೊಂಡಿದ್ದಾನೆ, ವರ್ತಕರ ತೊಗಲನ್ನು ಅಲ್ಲೇ ಬಚ್ಚಿಡುತ್ತಾನೆ ಅಂತ ಹೇಳಿದ. ನಮ್ಮ ಪೇಟೆಯವರ ಕಥೆ ಕೇಳಬೇಕೇ? ಮೂವತ್ತು ವರ್ಷ ಅವನ ಜಾರುಬಂಡಿಯಿಂದ ಹೊಟ್ಟೆ ಹೊರೆದವರು ಮೂರೇ ದಿನದಲ್ಲಿ ತಲೆಯಾಡಿಸಿದರು. ತೊಗಲಂಗಡಿ ಸಾಲಿನ ಹಿರಿಯರು ಸೇರಿ, ಜೇನಿನ ಹೆಂಡ ಕುಡಿದು, ಇವನಿಗೆ ಯಾರೂ ಸರಕು ಕೊಡಬಾರದೆಂದು ತೀರ್ಮಾನಿಸಿದರು. ಕುರ್ಮಿಶ್ ಅಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಎರಡನೆಯ ದಿನದ ತೊಗಲು ಎಂಥದ್ದು ಅನ್ನುವುದನ್ನೂ ಹೇಳಿದ. ಹಿರಿಯರು ಪರಸ್ಪರ ಮುಖ ನೋಡಿಕೊಂಡರು. ಅವರಲ್ಲಿ ನಾಲ್ವರ ಟೋಪಿ ಆ ತೊಗಲಿನದೇ. ವಯಸ್ಸಾಯಿತು, ಪಾಪ, ಚಳಿಗೆ ತಲೆ ಕೆಟ್ಟಿದೆ ಅಂದುಬಿಟ್ಟರು.

ಆ ವರ್ಷವೆಲ್ಲ ಕುರ್ಮಿಶ್ ಮನುಷ್ಯನಾಗಿರಲಿಲ್ಲ. ಬೇಸಿಗೆಯಲ್ಲಿ ಇತಿಲ್ ತುಂಬಿ ಹರಿಯುವಾಗ, ಜನ ಬರಿಮೈಯಲ್ಲಿ ದೋಣಿ ಎಳೆಯುವಾಗ, ಇವನು ದಡದಲ್ಲಿ ಕೂತು ಚಳಿಯ ಲೆಕ್ಕ ಹಾಕುತ್ತಿದ್ದ. ಆ ಗಾಳಿಯಲ್ಲಿ ಕೋಟಿಲ್ಲದೆ ಎಷ್ಟು ಹೊತ್ತು? ಒಂದು ಹಗಲು? ಒಂದು ಕೂಸು ಟೋಪಿಯಿಲ್ಲದೆ? ಅವರು ಅವತ್ತೇ ಬಂದು ಅರ್ಥ ಮಾಡಿಕೊಂಡು ಎತ್ತಿಕೊಂಡು ಹೋದರೋ, ಸಾಲದು ಅಂದರೆಂದು ತಿಳಿದು ಮುಟ್ಟದೆ ಹೋದರೋ? ತುಯ್‌ಬಿಕೆಗೆ ಕೇಳಿ ಕೇಳಿ ಸಾಕಾಗಿತ್ತು. ಇಷ್ಟು ಕರುಣೆ ಮೂವತ್ತು ವರ್ಷ ಎಲ್ಲಿ ಕಡಿಯೋಕೆ ಹೋಗಿತ್ತು ಅಂತ ಒಂದು ದಿನ ಕೇಳಿಯೂಬಿಟ್ಟಳು.

ಚಳಿಗಾಲ ಬಂತು. ಕುರ್ಮಿಶ್ ಹಿಂದಿನ ಬಂಡಿಯ ಆರು ನಾಯಿಗಳನ್ನು ಬಂಡಿಸಮೇತ ಮಾರಿದ. ಬಂದದ್ದಕ್ಕೆ ಹನ್ನೆರಡು ಅಲಗು ಕೊಂಡ, ಒಂದೊಂದನ್ನೂ ದಾರದಲ್ಲಿ ತೂಗಿ ಮೀಟಿ ನೋಡಿಯೇ ಕೊಂಡ. ತುಯ್‌ಬಿಕೆ ಬಾಯಿಗೆ ಬಂದದ್ದೆಲ್ಲ ಅಂದಳು, ಅಂದುಕೊಂಡೇ ಬಂಡಿ ಹತ್ತಿದಳು. ಪೇಟೆಯವರು ಬಾಗಿಲಲ್ಲಿ ನಿಂತು ನೋಡಿದರು. ಹೋಗುವವನಿಗೆ ಒಳ್ಳೆಯದಾಗಲಿ ಅನ್ನುವಷ್ಟು ನಾಲಿಗೆ ಯಾರಿಗೂ ತಿರುಗಲಿಲ್ಲ.

ಬಯಲಿನಲ್ಲಿ ಹೋದ ವರ್ಷದ್ದು ಏನೂ ಇರಲಿಲ್ಲ. ಅಲಗಿಲ್ಲ, ಕೋಟಿಲ್ಲ. ಅವರು ಎತ್ತಿಕೊಂಡರೋ, ತೋಳಗಳು ಎಳೆದವೋ, ಹಿಮ ಮುಚ್ಚಿತೋ. ಕುರ್ಮಿಶ್ ಮೊಣಕಾಲುದ್ದ ಹಿಮವನ್ನು ಕೈಯಿಂದಲೇ ಬಗೆದು ನೋಡಿದ, ನೆಲ ಸಿಕ್ಕಿತು ಅಷ್ಟೆ. ಹನ್ನೆರಡು ಅಲಗುಗಳನ್ನು ಸಾಲಾಗಿ ಇಟ್ಟು ಗುಡ್ಡದ ಈಚೆಗೆ ಬಂದು ಕೂತರು.

ಮರುದಿನ ಹೋದರು. ಅಲಗುಗಳ ಪಕ್ಕ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅಲಗುಗಳ ಮೇಲೆ ಹಿಮ ಕೂತಿತ್ತು, ಸುತ್ತ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಕುರ್ಮಿಶ್ ಹಿಮ ಒರೆಸಿ ಅವನ್ನು ಮತ್ತೆ ಸರಿಯಾಗಿ ಜೋಡಿಸಿದ. ಅದನ್ನು ನೋಡಿ ತುಯ್‌ಬಿಕೆ ಮೊದಲ ಸಲ ಬೈಯುವುದನ್ನು ನಿಲ್ಲಿಸಿದಳು. ನಾಯಿಗಳ ಮೀನು ಮುಗಿಯುತ್ತಾ ಬಂದಿದೆ, ನಾಳೆಗೆ ಹೊರಡಲೇಬೇಕು ಅಂತಷ್ಟೇ ಹೇಳಿದಳು.

ನಾಲ್ಕನೆಯ ಬೆಳಿಗ್ಗೆ ಅಲಗುಗಳ ಪಕ್ಕದಲ್ಲಿ ಒಂದು ಅಳಿಲಿನ ತೊಗಲು ಇತ್ತು.

ಒಂದೇ. ಅದೂ ನಡುವೆ ಹೆಬ್ಬೆರಳು ತೂರುವಷ್ಟು ದೊಡ್ಡ ತೂತಿದ್ದದ್ದು. ತೊಗಲು ಹರಿಯಬಾರದೆಂದು ಅಳಿಲಿಗೆ ಮೊಂಡು ಬಾಣ ಹೊಡೆಯುವ ಜನ ಅವರು. ಇದಕ್ಕೆ ಬೇಕೆಂದೇ ಚೂಪು ಬಾಣ ಹೊಡೆದಿದ್ದರು. ಮೂರು ದಿನ ಕಾಯಿಸಿ, ಹುಡುಕಿ, ಇಡೀ ಕಾಡಿನಲ್ಲಿ ಇದಕ್ಕಿಂತ ಕಳಪೆಯದು ಸಿಗದು ಅಂತ ಖಾತ್ರಿ ಮಾಡಿಕೊಂಡು ತಂದಿಟ್ಟ ಹಾಗಿತ್ತು.

ಕುರ್ಮಿಶ್ ಅದರ ಮುಂದೆ ಹಿಮದಲ್ಲೇ ಕೂತ.

"ಬದುಕಿದ್ದಾರೆ ಕಣೇ," ಅಂದ.

"ಬದುಕಿದ್ದಾರೆ, ಸರಿ. ಮುಖಕ್ಕೆ ಉಗೀತಿದ್ದಾರೆ," ಅಂದಳು ತುಯ್‌ಬಿಕೆ.

"ಉಗೀಲಿ. ಉಗಿಯೋಕೆ ಬದುಕಿರ್ಬೇಕಲ್ಲ."

ಅವನು ಅಳುತ್ತಿದ್ದ, ಗಡ್ಡದಲ್ಲಿ ಕಣ್ಣೀರು ಹೆಪ್ಪುಗಟ್ಟುತ್ತಿತ್ತು. ತುಯ್‌ಬಿಕೆ ಅತ್ತ ನೋಡದೆ, ಇದನ್ನು ಹೀಗೇ ಬಿಟ್ಟು ಡೇರೆಗೆ ಹೋಗೋಣ, ನಾಳೆ ಇನ್ನೊಂದು ತರುತ್ತಾರೆ, ನಾಡಿದ್ದು ಇನ್ನೊಂದು, ನಾಯಿಗಳಿಗೆ ಅರ್ಧ ಹೊಟ್ಟೆ ಹಾಕಿದರೆ ಐದಾರು ದಿನ ತಡೆಯಬಹುದು, ಒಂದೊಂದಾಗಿಯಾದರೂ ಬರಲಿ ಅಂದಳು. ಆರು ನಾಯಿ ಮಾರಿದ್ದೇವೆ ಅಪ್ಪ ಅಂತ ನೆನಪಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ವಾಪಸ್ ಹೋದರೆ ಅವರಿಗೆ ಉಳಿಯುವುದು ಆ ಹೊಗೆ ಕುಡಿದ ಗೂಡು, ಆರು ನಾಯಿ, ಜೊತೆಗೆ ಜೀವ ಹೋಗುವವರೆಗೆ ಪೇಟೆಯವರ ನಗು.

"ಬಿಟ್ಟು ಹೋದ್ರೆ ಏನರ್ಥ ಗೊತ್ತಲ್ಲ," ಅಂದ ಕುರ್ಮಿಶ್. "ಸಾಲ್ದು ಅಂತ. ಆ ಮಾತನ್ನ ನಾನು ಅವರಿಗೆ ಇನ್ನೊಂದು ಸಲ ಹೇಳಲ್ಲ ಮಗಳೆ. ಬೇಕಾದ್ರೆ ನೀನು ಹೇಳು."

ತುಯ್‌ಬಿಕೆ ಕಾಡಿನ ಕಡೆ ನೋಡಲಿಲ್ಲ, ನೋಡಬಾರದಲ್ಲ. ಆಮೇಲೆ ಅಪ್ಪನಿಗಿಂತ ಮೊದಲು ತಾನೇ ಬಗ್ಗಿ, ಆ ಒಂದು ಅಳಿಲನ್ನು ಎತ್ತಿ, ಅಂಟಿದ್ದ ಹಿಮ ಊದಿ, ಕೋಟಿನೊಳಗೆ ತೂರಿಸಿಕೊಂಡಳು. ಹನ್ನೆರಡು ಅಲಗೂ ಅಲ್ಲೇ ಉಳಿದವು.

ನಲವತ್ತು ದಿನದ ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು. ನಾಯಿಗಳಿಗೆ ಮೊದಲು ಹಾಕಿ, ಅಪ್ಪನಿಗೆ ಆಮೇಲೆ ಹಾಕಿ, ಉಳಿದಿದ್ದರೆ ತಾನು ತಿಂದು, ಮತ್ತೆ ಬೈದಳು.